ತಂತಿ ಕಡಿದ ಮೇಲಲ್ಲ, ಜೋತು ಬಿದ್ದಾಗಲೇ ಕೇಳಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ದೊಡ್ಡ ಅವಘಡ ಆದ ಮರುದಿನ ನಿಮ್ಮ ಪತ್ರಿಕೆಯೂ ಸೇರಿ ಎಲ್ಲ ಕಡೆ ಒಂದೇ ಪ್ರಶ್ನೆ, ತಪ್ಪು ಯಾರದ್ದು? ಯಾರನ್ನೋ ಅಮಾನತು ಮಾಡುತ್ತಾರೆ, ಪರಿಹಾರ ಘೋಷಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಾನು ಕೇಳಬೇಕು ಅಂತಿರುವುದು ಬೇರೆ. ಹೀಗಾಗಬಹುದು ಅಂತ ಮೊದಲೇ ಯಾರಿಗೆ ಗೊತ್ತಿತ್ತು? ಅವರು ಯಾರ ಹತ್ತಿರ ಹೇಳಿದ್ದರು? ಹೇಳಿದ ಮೇಲೆ ಏನಾಯಿತು?

2021ರ ಜನವರಿ 21ರ ರಾತ್ರಿ ಶಿವಮೊಗ್ಗದವರು ಮರೆಯುವಂಥದ್ದಲ್ಲ. ಹುಣಸೋಡಿನ ಕ್ರಷರ್ ಹತ್ತಿರ ಸ್ಫೋಟಕ ಸಿಡಿದಾಗ ಜನ ಭೂಕಂಪ ಅಂದುಕೊಂಡು ಬೀದಿಗೆ ಓಡಿ ಬಂದರು. ಪಕ್ಕದ ಜಿಲ್ಲೆಗಳಲ್ಲೂ ಅದುರಿತು. ಅಷ್ಟು ಸ್ಫೋಟಕ ಆಕಾಶದಿಂದ ಉದುರಿದ್ದಲ್ಲ. ಯಾರೋ ಮಾರಿದ್ದಾರೆ, ಯಾರೋ ಲೋಡ್ ಮಾಡಿದ್ದಾರೆ, ರಸ್ತೆ ಮೇಲೆ ಊರೂರು ದಾಟಿಕೊಂಡೇ ಬಂದಿದೆ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಅದು ತುಂಗೆ-ಭದ್ರೆ ಸೇರುವ ನಮ್ಮ ಕೂಡ್ಲಿ ದಾಟಿ ಹೋದ ನೀರೇ. ಎಪ್ಪತ್ತು ವರ್ಷ ಹಳೆಯ ಗೇಟು, ಒಂದು ಕೈಕೊಟ್ಟರೆ ತಕ್ಷಣ ಇಳಿಸಲು ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಹಲಗೆ, ಸಿದ್ಧ ಇರಲಿಲ್ಲ. ಡ್ಯಾಂ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರಂಥ ಅನುಭವಿಗಳು ಹರಿಯುವ ನೀರಿಗೇ ಉಕ್ಕಿನ ಹಲಗೆ ಇಳಿಸಿ ನಿಲ್ಲಿಸಿದರು, ಅವರನ್ನು ಹೊಗಳಿದ್ದು ಸರಿಯೇ. ಆದರೆ ಅದೇ ಚೈನನ್ನು ಬೇಸಿಗೆಯಲ್ಲಿ ಯಾರಾದರೂ ನೋಡಿ ಬದಲಿಸಿದ್ದರೆ ಅವರಿಗೆ ಹಾರವೂ ಬೀಳುತ್ತಿರಲಿಲ್ಲ, ನಿಮ್ಮಲ್ಲಿ ಒಂದು ಸಾಲಿನ ಸುದ್ದಿಯೂ ಬರುತ್ತಿರಲಿಲ್ಲ, ಅಲ್ವಾ?

ಭೋಪಾಲ್ ಕಥೆ ಓದಿದರೆ ಹೊಟ್ಟೆ ತೊಳಸುತ್ತದೆ. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿಗೆ ನೀರು ಸೇರಿ ವಿಷಾನಿಲ ಹೊರಗೆ ನುಗ್ಗಿತು, ಸಾವಿರಾರು ಜನ ಸತ್ತರು. ತಡೆಯಲು ಏನೂ ಇರಲಿಲ್ಲವಾ ಅಂದರೆ ಎಲ್ಲವೂ ಇತ್ತು! ಟ್ಯಾಂಕನ್ನು ತಂಪಾಗಿ ಇಡುವ ಯಂತ್ರವನ್ನು ಎಷ್ಟೋ ತಿಂಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಡುವ ಗೋಪುರದ ಪೈಪು ರಿಪೇರಿಗೆ ಅಂತ ಕಳಚಿತ್ತು. ನಿಲ್ಲಿಸಿದ ದಿನವೇ ಏನೂ ಆಗಲಿಲ್ಲ, ಅದಕ್ಕೇ ಹಾಗೇ ನಡೆಯಿತು.

ನಮ್ಮೂರ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬಾಕ್ಸ್ ತೆಗೆದು ನೋಡಿ, ಅಲ್ಲೂ ಇದೇ ಬುದ್ಧಿ. ಮಳೆಗಾಲದಲ್ಲಿ ತಂತಿ ಮೇಲೆ ಸೋಗೆ ಬಿದ್ದು ಫ್ಯೂಸ್ ಹೋಗುತ್ತದೆ. ನಾಲ್ಕಾರು ಊರಿಗೆ ಒಬ್ಬ ಲೈನ್‌ಮ್ಯಾನ್, ಪಾಪ ಅವನಾದರೂ ಎಷ್ಟು ಓಡುತ್ತಾನೆ. ಕೊನೆಗೆ ಯಾರೋ ಧೈರ್ಯಸ್ಥರು ದಪ್ಪ ತಾಮ್ರದ ಎಳೆ ಎರಡು ಸುತ್ತು ಸುತ್ತಿ ಬಿಡುತ್ತಾರೆ. ಕರೆಂಟ್ ಬಂತು, ಎಲ್ಲರಿಗೂ ಖುಷಿ. ಆಮೇಲೆ ಎರಡು ತಂತಿ ಒಂದಕ್ಕೊಂದು ತಾಗಿದರೂ ಫ್ಯೂಸ್ ಹೋಗುವುದಿಲ್ಲ, ತಂತಿಯೇ ಕಾದು ಕಡಿದು ಬೀಳುತ್ತದೆ, ಬೆಳಿಗ್ಗೆ ಹುಲ್ಲಿಗೆ ಹೋದವರೋ ದನವೋ ತುಳಿಯಬೇಕು.

ನಮ್ಮ ತೋಟದ ಮೇಲಿನ ಲೈನು ಎಷ್ಟು ಜೋತು ಬಿದ್ದಿದೆ ಅಂದರೆ ಅಡಿಕೆ ಕೊನೆ ತೆಗೆಯುವವರು ಆ ಸಾಲಿನಲ್ಲಿ ದೋಟಿಯನ್ನು (ಕೊನೆ ಕೊಯ್ಯುವ ಉದ್ದ ಕೋಲು) ನೆಟ್ಟಗೆ ಎತ್ತುವ ಹಾಗಿಲ್ಲ, ಓರೆ ಮಾಡಿಯೇ ಎತ್ತಬೇಕು. ಈಗಿನ ದೋಟಿ ಬಿದಿರಿನದ್ದಲ್ಲ, ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್. ಕಾರ್ಬನ್ ದೋಟಿ ಲೋಹ ಅಲ್ಲ, ಶಾಕ್ ಹೊಡೆಯಲ್ಲ ಅಂತ ನಂಬಿದವರು ಜಾಸ್ತಿ. ದಯವಿಟ್ಟು ನಂಬಬೇಡಿ, ಅದರಲ್ಲೂ ಕರೆಂಟ್ ಹರಿಯುತ್ತದೆ. ಅರ್ಜಿ ಕೊಟ್ಟು ಎರಡು ಮಳೆಗಾಲ ಕಳೆಯಿತು. ಕೇಳಲು ಹೋದರೆ 'ಇಷ್ಟು ವರ್ಷ ಏನೂ ಆಗಿಲ್ಲವಲ್ಲ' ಅನ್ನುತ್ತಾರೆ.

ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ವಿಷಯದಲ್ಲೂ ನಡೆದದ್ದು ಇದೇ. ಹಿಂದಿನ ಹಾರಾಟಗಳಲ್ಲೇ ರಾಕೆಟ್ಟಿನ ಜೋಡಣೆಯಲ್ಲಿ ಬಿಸಿ ಅನಿಲ ಸೋರದಂತೆ ಹಾಕಿದ ರಬ್ಬರ್ ರಿಂಗು ಸುಟ್ಟಿದ್ದು ಕಂಡಿತ್ತು. ಈ ಚಳಿಯಲ್ಲಿ ಬೇಡ ಅಂತ ಎಂಜಿನಿಯರುಗಳು ಹಿಂದಿನ ರಾತ್ರಿ ಗೋಗರೆದಿದ್ದರು. ಆದರೂ 1986ರ ಜನವರಿ 28ರಂದು ಹಾರಿಸಿದರು. 73 ಸೆಕೆಂಡಿಗೆ ನೌಕೆ ಒಡೆದು ಚೂರಾಯಿತು, ಒಳಗಿದ್ದ ಏಳು ಜನರೂ ಹೋದರು. ಅಷ್ಟು ಓದಿದವರಿಗೇ ಹಾಗಾದರೆ ನಮ್ಮ ಟಿ.ಸಿ. ಯಾವ ಲೆಕ್ಕ.

ದೂರು ಕೊಟ್ಟವನನ್ನು ಊರಿನಲ್ಲೂ ಕಿರಿಕಿರಿ ಆಸಾಮಿ ಅಂತಲೇ ನೋಡುತ್ತಾರೆ. ಲೈನ್ ಆಫ್ ಮಾಡಿಸಿ ಮರ ಕಡಿಸಿ ಅಂದರೆ ಅರ್ಧ ದಿನ ಕರೆಂಟ್ ಇಲ್ಲ ಅಂತ ನಮ್ಮವರೇ ಬೈಯುತ್ತಾರೆ. ಹೊರಗಿನ ಲೈನನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಗೆ ಜನರೇಟರ್ ಕೊಟ್ಟುಕೊಳ್ಳುವವರೂ ನಾವೇ. ಆ ಕರೆಂಟ್ ಹಿಂದಕ್ಕೆ ಹರಿದು ಕಂಬದ ಮೇಲಿದ್ದವನಿಗೆ ಹೊಡೆಯುತ್ತದೆ ಅಂತ ಯಾರೂ ಯೋಚಿಸುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಪಂಚಾಯ್ತಿಯಲ್ಲಿ ಒಂದು ಪುಸ್ತಕ ಇಡಲಿ. ಜೋತು ಬಿದ್ದ ತಂತಿ, ವಾಲಿದ ಕಂಬ, ಬಿರುಕು ಬಿಟ್ಟ ಕಾಲುಸಂಕ, ಕೆರೆ ತೂಬು, ಕ್ವಾರಿ ಸದ್ದು, ಏನು ಕಂಡರೂ ಯಾರು ಬೇಕಾದರೂ ಬರೆಯಲಿ, ಹೆಸರು ಹಾಕಲೇಬೇಕು ಅಂತಿಲ್ಲ. ಅದರ ಪಕ್ಕದಲ್ಲೇ ಯಾರು ಬಂದು ನೋಡಿದರು, ಏನು ಮಾಡಿದರು ಅಂತ ತಾರೀಖು ಸಮೇತ ಇರಲಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ತಾವೂ ಮುಂಗಾರಿಗೆ ಮೊದಲು ಓದುಗರಿಂದ ಇಂಥ ಫೋಟೋ ತರಿಸಿ ವಾರಕ್ಕೊಮ್ಮೆ ಹಾಕಿ. ನಮ್ಮ ತೋಟದ ಲೈನಿನ ಫೋಟೋ ನಾನೇ ಕಳಿಸುತ್ತೇನೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು