ಡೈವಿಂಗ್ ಪ್ರವಾಸ: ವಿಮಾನದ ಹೊತ್ತನ್ನೂ ನೋಡಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿಯುತ್ತಲೇ ನಮ್ಮ ಕೊಡಗಿನಿಂದಲೂ ಈಗ ಹುಡುಗರು ಇಂಡೋನೇಷ್ಯಾಕ್ಕೆ ಹೊರಡುತ್ತಿದ್ದಾರೆ. ಅಲ್ಲಿನ ಬಂದರು ಪಟ್ಟಣ ಲಬುವಾನ್ ಬಾಜೊದಲ್ಲಿ ಪಿನಿಸಿ ಎಂಬ ಮರದ ಹಾಯಿದೋಣಿ ಹತ್ತಿ, ಅದರಲ್ಲೇ ಉಂಡು ಮಲಗಿ, ಕೊಮೊಡೊ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವುದು). ದೋಣಿ ನಿಜಕ್ಕೂ ಚೆಂದ. ದಕ್ಷಿಣ ಸುಲವೇಸಿಯ ಬಡಗಿಗಳು ಮೊದಲು ಹೊರಹಲಗೆ ಜೋಡಿಸಿ, ಆಮೇಲೆ ಒಳಗಿನ ಪಕ್ಕೆಗಳನ್ನು ಕೂರಿಸುತ್ತಾರೆ. ಈ ಕಲೆ 2017ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿ ಸೇರಿದೆ. (ಈಗ ಓಡುವುದೆಲ್ಲ ಹೆಚ್ಚಾಗಿ ಎಂಜಿನ್‌ನಲ್ಲಿ, ಹಾಯಿ ಫೋಟೊಗೇ ಜಾಸ್ತಿ!)

ಆದರೆ ನನ್ನ ಮಗಳಿಗೆ ಏಜೆಂಟ್ ಒಬ್ಬರು ಕೊಟ್ಟ ಪ್ರವಾಸದ ವೇಳಾಪಟ್ಟಿಯಲ್ಲಿ ಕೊನೆಯ ಡೈವ್ ಬೆಳಗ್ಗೆ, ವಿಮಾನ ಅದೇ ಸಂಜೆ. ಇದು ಸರಿಯೇ? ಹಲವು ದಿನ ಡೈವ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನೀರಿನಾಳದಲ್ಲಿ ಉಸಿರಾಡುವಾಗ ಮೈಯಲ್ಲಿ ಕರಗಿದ ನೈಟ್ರೋಜನ್, ವಿಮಾನದಲ್ಲಿ ಒತ್ತಡ ಇಳಿದಾಗ ಗುಳ್ಳೆಯಾಗಿ ಕೀಲು, ನರಗಳಿಗೆ ಪೆಟ್ಟು ಕೊಡಬಹುದು. ಏಜೆಂಟರನ್ನು ಕೇಳಿದರೆ ‘ಸುಮ್ನೆ ಹೆದರಬೇಡಿ ಅಂಕಲ್’ ಎಂದರು. ಕೊಮೊಡೊದಲ್ಲಿ ಸೆಳವೂ ಜೋರು. ಮೊದಲ ಸಲದವರು ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲೇ ಶುರು ಮಾಡಬಹುದಲ್ವಾ?

ನಿಮ್ಮ ಪ್ರವಾಸ ಪುಟದಲ್ಲಿ ಸೂರ್ಯಾಸ್ತದ ಚಿತ್ರಗಳ ಜತೆ ಈ ವಿಷಯವನ್ನೂ ಬರೆಸಿ.

– ಕಾಫಿ ಬೆಳೆಗಾರ, ಪೊನ್ನಂಪೇಟೆ, ಕೊಡಗು