ನಮ್ಮ ಮಕ್ಕಳಿಗೆ ಶಾಲೆಗೆ ಹೋಗಲು ಗಾಡಿ ಕೊಡಿ: ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಮೂಡಿಗೆರೆ ತಾಲ್ಲೂಕಿನವಳು. ಮಗಳಿಗೆ ಸೆರೆಬ್ರಲ್ ಪಾಲ್ಸಿ, ನಡೆಯಲಾಗುವುದಿಲ್ಲ. ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಯುವವರೆಗೆ ಎತ್ತಿಕೊಂಡೇ ಹೋಗಿ ಬಿಟ್ಟು ಬಂದೆ. ಆರನೇ ಕ್ಲಾಸಿಗೆ ದೂರದ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು, ಬಸ್ಸೇ ಗತಿ. ವೀಲ್‌ಚೇರ್ ಹತ್ತಿಸುವಂಥ ಬಸ್ಸು ನಮ್ಮ ರಸ್ತೆಗೆ ಬರುವುದಿಲ್ಲ.

ಈ ಆಷಾಢದಲ್ಲಿ ಏನಾಯಿತು ಕೇಳಿ. ಜಡಿಮಳೆ, ಬಸ್ಸು ತುಂಬಿತ್ತು. ಮಗಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ವೀಲ್‌ಚೇರ್ ತರಲು ಕೆಳಗಿಳಿದೆ. ಕಂಡಕ್ಟರ್ ಸೀಟಿ ಊದಿಬಿಟ್ಟ. ಕೂಗುತ್ತಾ ಹಿಂದೆ ಓಡಿದರೂ ಬಸ್ಸು ನಿಲ್ಲಲಿಲ್ಲ. ಆಟೋ ಹಿಡಿದು ಹೋದಾಗ ಮುಂದಿನ ಸ್ಟಾಪಿನ ಅಂಗಡಿ ಜಗಲಿಯ ಮೇಲೆ ಮಗು ಒದ್ದೆಯಾಗಿ ಕೂತಿತ್ತು. ಯಾರೋ ಪುಣ್ಯಾತ್ಮರು ಇಳಿಸಿ ಕೂರಿಸಿದ್ದರು. ಮೂತ್ರ ಮಾಡಿಕೊಂಡಿದ್ದಳು. ಹನ್ನೊಂದು ವರ್ಷದ ಹುಡುಗಿ ಸ್ವಾಮಿ, ಅವಳಿಗೂ ಮಾನ ಇದೆ. ಅಂದಿನಿಂದ ಬಸ್ಸಿನ ಹಾರನ್ ಕೇಳಿದರೆ ನನ್ನ ಸೆರಗು ಹಿಡಿದುಕೊಳ್ಳುತ್ತಾಳೆ.

ದೂರು ಕೊಡಲು ಹೋದರೆ ಅಧಿಕಾರಿಯೊಬ್ಬರು, 'ಇಷ್ಟೆಲ್ಲ ಯಾಕಮ್ಮ, ಮನೆ ಆಧಾರಿತ ಶಿಕ್ಷಣಕ್ಕೆ ಬರೆದುಕೊಡಿ' ಅಂದರು. ಹಾಸಿಗೆ ಬಿಟ್ಟೇಳಲಾಗದ ಮಕ್ಕಳಿಗೆ ಅದು ಬೇಕು, ಇಲ್ಲವೆನ್ನುವುದಿಲ್ಲ. ನನ್ನ ಮಗಳು ಕ್ಲಾಸಿನಲ್ಲಿ ಕೂತು ಓದಬಲ್ಲಳು, ಮಗ್ಗಿ ಎಲ್ಲರಿಗಿಂತ ಮೊದಲು ಒಪ್ಪಿಸುತ್ತಾಳೆ. ಗಾಡಿ ಇಲ್ಲವೆಂದು ಅವಳನ್ನು ಮನೆಯಲ್ಲಿ ಕೂಡಿಹಾಕಬೇಕೇ? ನಾನು ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ತಮಗೆ ಗೊತ್ತಿರುವುದೇ. ಇಂಥ ಮಕ್ಕಳಿಗೆ ಶಾಲೆಯ ವಾಹನ ಸೌಲಭ್ಯ, ಹೆಚ್ಚಿನ ಆಸರೆ ಬೇಕಾದವರ ಜೊತೆಗಾರರಿಗೂ ಅದೇ ಸೌಲಭ್ಯ ಅದರಲ್ಲೇ ಇದೆ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸಾರಿಗೆ ಭತ್ಯೆ, ಮಗುವಿನ ಜೊತೆ ಹೋಗುವವರಿಗೆ ಬೆಂಗಾವಲು ಭತ್ಯೆ ಇದೆ ಎನ್ನುತ್ತಾರೆ. ಖಾತೆಗೆ ಬೀಳುವ ಭತ್ಯೆ ಹಿಡಿದು ಯಾವ ಗಾಡಿ ಹತ್ತಲಿ? ತೋಟದ ಏರು ರಸ್ತೆಗೆ ಮಳೆಗಾಲದಲ್ಲಿ ಆಟೋದವರೂ ಬರುವುದಿಲ್ಲ. ಬಂದರೂ ಅವರು ಕೇಳುವ ಬಾಡಿಗೆ ನನ್ನ ದಿನದ ಕೂಲಿಯನ್ನೇ ನುಂಗುತ್ತದೆ. ನಮಗೆ ಬೇಕಾಗಿರುವುದು ಗಾಡಿ.

ವೀಲ್‌ಚೇರ್ ಏರುವ ಇಳಿಜಾರು ಹಲಗೆ, ಬೆಲ್ಟ್ ಇರುವ ಸೀಟು, ಜೊತೆಗೊಬ್ಬ ಆಯಾ ಇರುವ ಗಾಡಿ. ತಾಲ್ಲೂಕಿಗೆ ಒಂದಾದರೂ ಕೊಡಿ. ಯಾವ ಮಗು ಯಾವ ಊರಿನಲ್ಲಿದೆ ಎಂಬ ಪಟ್ಟಿ ವಿಶೇಷ ಶಿಕ್ಷಕರ ಹತ್ತಿರ ಇರುತ್ತದೆ, ಹೊಸ ಸರ್ವೆ ಬೇಡ. ಕೇಳಿದಲ್ಲೆಲ್ಲ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದಾರೆ. ಶಿಕ್ಷಣ, ಸಾರಿಗೆ, ಅಂಗವಿಕಲರ ಕಲ್ಯಾಣ, ಎಲ್ಲರನ್ನೂ ತಾವೇ ಒಂದೇ ಮೇಜಿಗೆ ಕರೆಸಿ ಆದೇಶ ಮಾಡಿ. 'ಪರಿಶೀಲಿಸಲಾಗುವುದು' ಎಂಬ ಉತ್ತರ ದಯವಿಟ್ಟು ಕಳಿಸಬೇಡಿ. ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನ ಗಾಡಿ ಬರಬೇಕು. ಯಾವ ರಸ್ತೆಗೆ, ಎಷ್ಟು ಗಂಟೆಗೆ, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಬರೆದು ತಿಳಿಸಿ.

ಇತಿ,
ಒಬ್ಬ ವಿದ್ಯಾರ್ಥಿನಿಯ ತಾಯಿ
ಮೂಡಿಗೆರೆ ತಾಲ್ಲೂಕು