ಶನಿವಾರ ಹೂ ಜೋಡಣೆ ಕ್ಲಾಸಿಗೆ ಬರುವವರು ಓದಿ

ಎಲ್ಲರಿಗೂ ನಮಸ್ಕಾರ. ಕ್ಲಾಸಿನಲ್ಲಿ ಮೇಡಂ ಜೊತೆ ಸಹಾಯಕ್ಕೆ ಇರುವವಳು ನಾನು, ಕೊನೆಗೆ ಬಕೆಟ್ ತೊಳೆಯುವವಳೂ ನಾನೇ, ಅದಕ್ಕೇ ಈ ಮೆಸೇಜ್.

ತೋಟದಿಂದ ಹೂ ತರುವವರು ಬಿಸಿಲೇರುವ ಮುಂಚೆ ಕೊಯ್ದು ಕೂಡಲೇ ನೀರಿಗೆ ಹಾಕಿ. ಮಡಿಕೇರಿ ಬಸ್ಸಿನಲ್ಲಿ ಪ್ಲಾಸ್ಟಿಕ್ ಕವರಿಗೆ ತುರುಕಿ ತಂದರೆ ಏನಾಗುತ್ತದೆ ಅಂತ ಕಳೆದ ವಾರ ನೋಡಿದಿರಲ್ಲ. ಆಂಥೂರಿಯಂ ಮಾತ್ರ ಫ್ರಿಜ್ಜಿನಲ್ಲಿ ಇಡಬೇಡಿ, ಅದಕ್ಕೆ ಅಷ್ಟು ಚಳಿ ಆಗಿಬರುವುದಿಲ್ಲ, ಕಪ್ಪಾಗುತ್ತದೆ. ಗುಲಾಬಿ ಇಡಬಹುದು. ಆದರೆ ಪಕ್ಕದಲ್ಲಿ ಬಾಳೆಹಣ್ಣು ಬೇಡ, ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಹೂವನ್ನು ಬೇಗ ಬಾಡಿಸುತ್ತದೆ, ಕಾರ್ನೇಷನ್ ಅಂತೂ ತಡೆಯುವುದೇ ಇಲ್ಲ.

ಇನ್ನು ದಂಟು ಚುಚ್ಚಿ ಹೂ ನಿಲ್ಲಿಸುವ ಆ ಹಸಿರು ಫೋಮ್. ನೀರಿನ ಮೇಲೆ ಇಟ್ಟು ಸುಮ್ನೆ ಬಿಟ್ಟುಬಿಡಿ, ಅದಾಗಿಯೇ ಮುಳುಗಬೇಕು. ಕೈಯಲ್ಲಿ ಒತ್ತಿದರೆ ಹೊರಗಷ್ಟೇ ಒದ್ದೆ, ಒಳಗೆ ಒಣಕಲು, ಆಮೇಲೆ ಮಧ್ಯಾಹ್ನದೊಳಗೆ ಗುಲಾಬಿ ತಲೆ ಬಾಗಿಸಿದಾಗ ‘ಯಾಕೆ ಅಕ್ಕಾ ಹೀಗಾಯ್ತು’ ಅಂತ ನನ್ನನ್ನೇ ಕೇಳುತ್ತೀರಿ. ಅದರ ಪುಡಿಯೂ ಪ್ಲಾಸ್ಟಿಕ್ಕೇ, ಕರಗುವುದಿಲ್ಲ, ಆ ನೀರನ್ನು ಸಿಂಕಿಗೆ ಚೆಲ್ಲಬೇಡಿ. ನನಗಂತೂ ಆ ಫೋಮ್ ಕಂಡರೆ ಆಗುವುದಿಲ್ಲ. ಈ ವಾರ ಕೆನ್‌ಜಾನ್ ಕೂಡ ಇದೆ, ಜಪಾನಿನ ಹೂ ಜೋಡಣೆ ಕಲೆ ಇಕೆಬಾನದಲ್ಲಿ ದಂಟು ಚುಚ್ಚಿ ನಿಲ್ಲಿಸುವ ಮುಳ್ಳಿನ ಬಿಲ್ಲೆ. ಭಾರ ಜಾಸ್ತಿ, ಕಾಲ ಮೇಲೆ ಬೀಳಿಸಿಕೊಳ್ಳಬೇಡಿ. ಇರುವುದು ಆರೇ, ಇಬ್ಬರಿಗೆ ಒಂದು.

ಕಾಫಿ ಗಿಡ ಕತ್ತರಿಸುವ ಕತ್ತರಿ ಆಗುತ್ತದೆ, ತೊಳೆದು ತನ್ನಿ. ದಂಟು ಓರೆಯಾಗಿ ಕತ್ತರಿಸಬೇಕು, ನೀರಿಗೆ ಮುಳುಗುವ ಎಲೆ ತೆಗೆಯಬೇಕು, ಇದನ್ನು ಮತ್ತೆ ಹೇಳಬೇಕಾಗಿಲ್ಲ ಅಲ್ವಾ?

ಬರಲಾಗದವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ, ಹೂವಿನ ಲೆಕ್ಕ ಕೊಡಬೇಕು.